ದಂಡನಾಯಕನೂ ಮತದಾರನೂ

ಕೋಲಾರದ ಹಳೆಯ ಹೆಸರು ಕುವಲಾಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗರಸರು ಶಾಸನಗಳಲ್ಲಿ ತಮ್ಮನ್ನು ಕುವಲಾಲಪುರವರೇಶ್ವರರೆಂದೇ ಕರೆದುಕೊಂಡರು. ಅವರ ಚಾವುಂಡರಾಯ ಸೇನಾಪತಿ, ಮಂತ್ರಿ, ಅದರೊಡನೆ 978ರಲ್ಲಿ ಪುರಾಣವೊಂದನ್ನು ಗದ್ಯದಲ್ಲಿ ಬರೆದ ಗ್ರಂಥಕಾರ. ರಣರಂಗದಿಂದ ರಾಜಸಭೆಗೆ ಬರಲು ಆತ ಯಾರ ಮನೆಯ ಜಗಲಿಯನ್ನೂ ಹತ್ತಬೇಕಾಗಿರಲಿಲ್ಲ. ಅರಸನ ವಿಶ್ವಾಸವೊಂದಿದ್ದರೆ ಸಾಕಾಗಿತ್ತು. ಸಾವಿರ ವರ್ಷಗಳ ತರುವಾಯ ಕನ್ನಡನಾಡಿನ ಇನ್ನೊಬ್ಬ ದಂಡನಾಯಕರು ಆ ದಾರಿ ಹಿಡಿದಾಗ ಏನಾಯಿತೆಂಬುದೇ ನನ್ನ ಇಂದಿನ ಮಾತಿನ ವಿಷಯ.

ಕೊಡಗಿನ ಕೆ. ಎಂ. ಕಾರ್ಯಪ್ಪನವರ ಸೇನಾಜೀವನವನ್ನು ಕೇಳುಗರು ಬಲ್ಲರು. 1919ರಲ್ಲಿ ಅಧಿಕಾರಿಯಾದರು, 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೆನಿಸಿದರು, 1949ರ ಜನವರಿ 15ರಂದು ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರಲ್ಲಿ ನಿವೃತ್ತಿ, ಬಳಿಕ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೈಕಮಿಷನರ್ ಹುದ್ದೆ. ಅವರ ಬಾಳಿನಲ್ಲಿ ಜನ ಅಷ್ಟಾಗಿ ನೆನೆಯದಿರುವುದು 1971ರ ಲೋಕಸಭಾ ಚುನಾವಣೆ. ಎಪ್ಪತ್ತು ದಾಟಿದ್ದ ಈ ಹಿರಿಯರು ಶಿವಸೇನೆಯ ಬೆಂಬಲ ಪಡೆದು ಮುಂಬಯಿ ಈಶಾನ್ಯ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತರು, ಸೋತರು.

ಇಂದಿರಾ ಗಾಂಧಿಯವರ ಅಲೆಯಲ್ಲಿ ಎಷ್ಟೋ ಘಟಾನುಘಟಿಗಳು ಕೊಚ್ಚಿಹೋದ ವರ್ಷ ಅದು. ಆದರೆ ಸೋಲಿಗೆ ಅಲೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಕಾರ್ಯಪ್ಪನವರ ಹಿಂದೂಸ್ತಾನಿಯನ್ನು ಕುರಿತು ಸೇನೆಯಲ್ಲಿ ಒಂದು ಕಥೆಯುಂಟು. ದೇಶ ಸ್ವತಂತ್ರವಾಯಿತು ಎಂದು ಹೇಳಹೋಗಿ ಅವರು ‘ಮುಫ್ತ್’ ಎಂಬ ಮಾತನ್ನು ಬಳಸಿದರಂತೆ. ದೇಶವೂ ಪುಕ್ಕಟೆ, ನೀವೂ ಪುಕ್ಕಟೆ, ನಾನೂ ಪುಕ್ಕಟೆ ಎಂದು ಅರ್ಥವಾಯಿತಂತೆ. ಸಿಪಾಯಿ ತುಟಿ ಬಿಗಿಹಿಡಿದು ನಿಂತಾನು. ಮತದಾರ ನಗುತ್ತಾನೆ.

ನಮ್ಮ ವೇಮಗಲ್ ಕೂಡ ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರವಾಗಿತ್ತು. 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಯಿತು. ಕೃಷಿ ಸಚಿವರಾಗಿದ್ದ ಸಿ. ಬೈರೇಗೌಡರನ್ನು ಆರಿಸಿ ಕಳುಹಿಸಿದ ನೆಲ ಇದು. ಇಲ್ಲಿಯ ರೈತ ಅಭ್ಯರ್ಥಿಯ ಪದಕಗಳನ್ನು ಎಣಿಸುವವನಲ್ಲ. ಕೆರೆಗೆ ನೀರು ಯಾವಾಗ ಬಂದೀತು, ರೇಷ್ಮೆಗೂಡಿಗೆ ಬೆಲೆ ಏಕೆ ಬಿತ್ತು ಎಂದು ಕೇಳುವವನು. ಆಜ್ಞೆ ಕೊಟ್ಟು ಅಭ್ಯಾಸವಾದ ನಾಲಗೆಗೆ ಈ ಬೇಡುವ ಭಾಷೆ ಮುಪ್ಪಿನಲ್ಲಿ ಒಲಿಯುವುದು ಕಷ್ಟ.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಪ್ರಜಾಪ್ರಭುತ್ವದ ಗದ್ದಲವನ್ನು ಕಂಡರೆ ಕಾರ್ಯಪ್ಪನವರಿಗೆ ಅಸಹನೆ. ಸೇನೆಯಲ್ಲಿದ್ದಾಗಲೇ ಪತ್ರಿಕೆಗಳೆದುರು ಹೆಚ್ಚು ಮಾತನಾಡಬೇಡಿರೆಂದು ನೆಹರೂ ಅವರಿಗೆ ಪತ್ರ ಬರೆದಿದ್ದರು. ದೇಶಕ್ಕೆ ಕೆಲಕಾಲ ರಾಷ್ಟ್ರಪತಿ ಆಳ್ವಿಕೆಯೇ ಲೇಸೆಂದು ಮುಂದೆ ಅವರು ಬಹಿರಂಗವಾಗಿಯೇ ಆಡಿದರು. ಆ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಆದರೂ ನೋಡಿ: ಅವಿಭಜಿತ ಸೇನೆಯಲ್ಲಿ ಅವರಿಗಿಂತ ಕಿರಿಯರಾಗಿದ್ದ ಅಯೂಬ್ ಖಾನ್ 1958ರಲ್ಲಿ ಪಾಕಿಸ್ತಾನದ ಅಧಿಕಾರವನ್ನು ಕೈಗೆ ತೆಗೆದುಕೊಂಡರು, ಯಾರ ಮತವನ್ನೂ ಕೇಳಲಿಲ್ಲ. ಮತದಾರನಲ್ಲಿ ಅಷ್ಟೊಂದು ನಂಬಿಕೆಯಿಲ್ಲದ ನಮ್ಮ ಕಾರ್ಯಪ್ಪನವರು ನಾಮಪತ್ರ ತುಂಬಿದರು, ಠೇವಣಿ ಕಟ್ಟಿದರು, ಎಣಿಕೆಗೆ ತಲೆಬಾಗಿದರು. ಸಿದ್ಧಾಂತದಲ್ಲಿ ಒಪ್ಪದಿದ್ದುದನ್ನು ನಡತೆಯಲ್ಲಿ ಒಪ್ಪಿದ್ದರು.

ಸೋತವರು ಮಡಿಕೇರಿಯ ತಮ್ಮ ‘ರೋಷನಾರಾ’ ಮನೆಯಲ್ಲಿ ಉಳಿದರು. ನಿವೃತ್ತ ಸೈನಿಕರ ಯೋಗಕ್ಷೇಮದ ಚಿಂತೆಯನ್ನು ಬಿಡಲಿಲ್ಲ. 1986ರಲ್ಲಿ ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ಕೊಟ್ಟಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಜನವರಿ 15 ಈಗಲೂ ಸೇನಾದಿನ.