ಒರೆಗೆ ಹಚ್ಚಿದ ಎಚ್ಚರ

ಕಾರ್ಖಾನೆಯಲ್ಲೋ ಗಣಿಯಲ್ಲೋ ಅವಘಡವಾದರೆ ಮೊದಲು ಹೊರಡುವ ಮಾತು, 'ಕೆಲಸಗಾರ ಎಚ್ಚರ ತಪ್ಪಿದ' ಎಂಬುದು. ಆ ಮಾತನ್ನು ಒರೆಗೆ ಹಚ್ಚಲು ಕೆಜಿಎಫ್ ಎಂದೇ ಹೆಸರಾದ ಕೋಲಾರದ ಚಿನ್ನದ ಗಣಿಗಳಿಗಿಂತ ತಕ್ಕ ಜಾಗವಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಈ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಅಂಥ ಆಳದಲ್ಲಿ ಅದಿರು ತೆಗೆದು ಟೊಳ್ಳು ಮಾಡಿದರೆ, ಮೇಲಿನ ಭಾರವೆಲ್ಲ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಹಿಂದಿನವರು ಇದನ್ನು 'ಏರ್ ಬ್ಲಾಸ್ಟ್' ಎಂದರು. ಅವರು ಕಂಡದ್ದು ನುಗ್ಗಿಬಂದ ಗಾಳಿಯನ್ನು. ಕಾರಣ ಅಡಗಿದ್ದದ್ದು ಬಂಡೆಯಲ್ಲಿ. ಅಲ್ಲಿ ನಿಂತ ಆಳು ಎಷ್ಟು ಎಚ್ಚರವಾಗಿದ್ದರೇನು?

ದಾರಿ ತೋರಿದ್ದು ಅಧ್ಯಯನ. ಭೂಕಂಪ ಅಳೆಯುವ ಯಂತ್ರಗಳನ್ನಿಟ್ಟು ಸಿಡಿತಗಳನ್ನು ದಾಖಲಿಸಿದರು. ನಡುವೆ ಉಳಿಸಿದ ಅದಿರಿನ ತುಂಡುಗಳ ಮೇಲೆಯೇ ಒತ್ತಡ ಹೆಚ್ಚುವುದು ತಿಳಿದ ಮೇಲೆ, ಯಾವ ಭಾಗವನ್ನು ಮೊದಲು ಅಗೆಯಬೇಕು ಎಂಬ ಕ್ರಮವನ್ನೇ ಬದಲಿಸಿದರು. ಮರದ ಆಸರೆ, ಗ್ರಾನೈಟ್ ಕಲ್ಲಿನ ಗೋಡೆಗಳ ಜೊತೆಗೆ ಮುಂದೆ ಟೊಳ್ಳಿಗೆ ಕಾಂಕ್ರೀಟ್ ತುಂಬುವ ಪದ್ಧತಿಯೂ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಇಷ್ಟಾದರೂ ಸಿಡಿತಗಳು ನಿಲ್ಲಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ನಿಜ, ನಿಲ್ಲಲಿಲ್ಲ. ಆದರೆ ಬಂಡೆಯ ಸ್ವಭಾವ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಅದು ಸಿಡಿಯಬಹುದಾದ ಕಡೆ ಯಾರನ್ನು, ಯಾವಾಗ, ಎಂಥ ಆಸರೆಯಡಿ ನಿಲ್ಲಿಸಬೇಕು ಎಂಬ ನಿರ್ಧಾರ ಮನುಷ್ಯರದೇ.

ಸದ್ದಿಲ್ಲದೆ ಕೊಲ್ಲುವ ಇನ್ನೊಂದು ಅಪಾಯ ಧೂಳು. ಚಿನ್ನ ಸಿಗುವುದು ಬೆಣಚುಕಲ್ಲಿನಲ್ಲಿ. ಒಣಗಿದ ಬಂಡೆಗೆ ಡ್ರಿಲ್ ಹಚ್ಚಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದವೇ ಕ್ರೂರ. ಅವು ಶ್ವಾಸಕೋಶದ ಆಳಕ್ಕಿಳಿದು ಗಂಟುಕಟ್ಟುತ್ತವೆ. ಇದೇ ಸಿಲಿಕೋಸಿಸ್. 1940ರ ದಶಕದಲ್ಲಿ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂತು. ಅಷ್ಟೊಂದು ಜನ ಒಟ್ಟಿಗೆ ಎಚ್ಚರ ತಪ್ಪಿದರೆಂದು ಯಾರು ನಂಬುತ್ತಾರೆ? ಎಣಿಸಿ ನೋಡಿದ್ದರಿಂದಲೇ ಒಬ್ಬೊಬ್ಬನ ಕೆಮ್ಮು ಉದ್ಯೋಗದ ರೋಗವೆಂದು ಸಾಬೀತಾಯಿತು. ಇದೇ ಗಣಿಗಳಲ್ಲಿ 1930ರಲ್ಲಿ ಬೆರಳಚ್ಚು ತೆಗೆಯುವ ಕ್ರಮವನ್ನು ವಿರೋಧಿಸಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಆಡಳಿತಕ್ಕೆ ಕೆಲಸಗಾರನ ಬೆರಳಿನ ಲೆಕ್ಕ ಮೊದಲು ಬೇಕಾಯಿತು, ಎದೆಯ ಲೆಕ್ಕ ತಡವಾಗಿ ಬಂತು.

ಸುರಕ್ಷತೆಗೆ ಖರ್ಚು ಹೆಚ್ಚು, ಉದ್ಯಮ ತಾಳಲಾರದು ಎನ್ನುವವರಿದ್ದಾರೆ. ಆ ಖರ್ಚು ತಪ್ಪಿಸಿದರೆ ಮಾಯವಾಗುವುದಿಲ್ಲ; ಕಂಪನಿಯ ಲೆಕ್ಕದ ಪುಸ್ತಕದಿಂದ ಕಾರ್ಮಿಕನ ಮನೆಗೆ ವರ್ಗವಾಗುತ್ತದೆ. ಕೆಲಸಗಾರನ ಎಚ್ಚರ ಬೇಡವೆಂದಲ್ಲ. ಆದರೆ ಡ್ರಿಲ್ಲಿನ ಟೊಳ್ಳು ಸರಳಿನ ಮೂಲಕ ನೀರು ಹರಿಸಿದರೆ ಧೂಳು ಹುಟ್ಟಿದಲ್ಲೇ ಕೆಸರಾಗುತ್ತದೆ; ಆ ನೀರಿನ ಕೊಳವೆಯನ್ನು ಕೆಲಸಗಾರ ಮನೆಯಿಂದ ತರಲಾರ. 2001ರಲ್ಲಿ ಗಣಿ ಮುಚ್ಚಿತು. ಆದರೆ ಸಿಲಿಕೋಸಿಸ್‌ಗೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಹಾಗಾಗಿ ಆ ನೀರೇ ಅದರ ಮದ್ದು. ಕುಡಿಸಬೇಕಾದ್ದು ಮಾತ್ರ ಮನುಷ್ಯನಿಗಲ್ಲ, ಬಂಡೆಗೆ.