ಹಳೆಯ ಮೋಟಾರ್ ಸೈಕಲಿನ ಬಾಲ



ಗಾಡಿಯ ಮಡ್‌ಗಾರ್ಡು ಮೊಟಕುಗೊಳಿಸಿ, ಬೇಡದ ಭಾರ ಕಿತ್ತೆಸೆಯುವ ರೂಢಿ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದಲ್ಲಿ ಬೆಳೆಯಿತು. ಅಂಥ ಗಾಡಿಗೆ ಬಾಬರ್ ಎಂದು ಹೆಸರು. ಮೊಗಲ ಬಾದಶಹನಿಗೂ ಅದಕ್ಕೂ ನಂಟಿಲ್ಲ!

ಇಂಗ್ಲೆಂಡಿನ ಟ್ರಯಂಫ್ ಬಾನೆವಿಲ್ 1959ರಲ್ಲಿ ಬಂದಾಗ ಹಿಂದಿನ ಚಕ್ರಕ್ಕೆ ಎರಡು ಶಾಕ್ ಅಬ್ಸಾರ್ಬರುಗಳಿದ್ದವು. ಹಾರ್ಡ್‌ಟೇಲ್ ಮಾಡುವವನು ಅವನ್ನು ತೆಗೆದು, ಫ್ರೇಮಿನ ಹಿಂಭಾಗ ಕೊಯ್ದು, ಅಲುಗದ ಉಕ್ಕಿನ ಕೊಳವೆಗಳನ್ನು ಬೆಸೆಯುತ್ತಾನೆ.

ನಮ್ಮ ಫಿಟ್ಟರು, ವೆಲ್ಡರು ಬಂಧುಗಳು ಇಲ್ಲಿ ಕಿವಿಗೊಡಬೇಕು. ಕೊಳವೆಗೆ ಕೊಳವೆ ತಾಗಿಸಿ ಹೊರಗಷ್ಟೇ ಬೆಸೆದರೆ ಸಾಲದು. ಸಂದಿನೊಳಗೆ ಬಿಗಿಯಾದ ಉಕ್ಕಿನ ತುಂಡು ಕೂರಬೇಕು. ಫ್ರೇಮನ್ನು ಮೊದಲೇ ಅಲುಗದಂತೆ ಬಿಗಿದಿಡದಿದ್ದರೆ ಕಾವಿಗೆ ಸೊಟ್ಟಗಾಗಿ, ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ನಿಲ್ಲವು, ಚೈನು ಕಳಚೀತು. ಅಂದಕ್ಕೆಂದು ಬೆಸುಗೆಯನ್ನು ಉಜ್ಜಿ ತೆಳುವಾಗಿಸುವುದಂತೂ ಪ್ರಾಣದೊಡನೆ ಆಟ.

ಆದರೆ ಸುಸ್ಥಿತಿಯಲ್ಲಿ ಉಳಿದ ಹಳೆಯ ಫ್ರೇಮನ್ನು ದಯವಿಟ್ಟು ಕೊಯ್ಯಬೇಡಿ. ಅದು ಹುಟ್ಟಿದ ಮೆರಿಡನ್ ಕಾರ್ಖಾನೆ 1983ರಲ್ಲೇ ಮುಚ್ಚಿತು. ಅಲ್ಲಿನ ಕೆಲಸಗಾರರ ಕೈಗೆಲಸ ಇನ್ನೊಮ್ಮೆ ಬಾರದು. ಹಿಂಭಾಗ ಮುರಿದು ಮೂಲೆ ಸೇರಿದ್ದಿದ್ದರೆ ಅದನ್ನೇ ಆರಿಸಿ.

ಸೀಟಿನ ಕೆಳಗೆ ಎರಡು ಸುರುಳಿ ಸ್ಪ್ರಿಂಗುಗಳನ್ನು ಮರೆಯದೆ ಹಾಕಿ. ಅವು ತಡೆಯಲಾರದ ಪೆಟ್ಟನ್ನೆಲ್ಲ ಬೆನ್ನೇ ತಿನ್ನಬೇಕು.