ಎಲ್ಲ ದೊಡ್ಡ ಭೂಕಂಪವೂ ಸುನಾಮಿ ತರಲ್ಲ, ಯಾಕೆ?

ಸುಮಾತ್ರಾ ಕಡೆ ಭೂಕಂಪ ಅಂತ ನ್ಯೂಸ್ ಬಂದ ಕೂಡಲೇ ಚೆನ್ನೈನಲ್ಲಿರೋ ನಮ್ಮಂಥವರಿಗೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಶುರುವಾಗುತ್ತೆ, ಊರಿಂದ ಫೋನ್ ಬರುತ್ತೆ. ಎಲ್ಲರೂ ಕೇಳೋದು ಒಂದೇ: "ರಿಕ್ಟರ್ ಎಷ್ಟಂತೆ?" ಆದರೆ ಆ ಒಂದು ನಂಬರ್ ನೋಡಿ ಸುನಾಮಿ ಬರುತ್ತೋ ಇಲ್ಲವೋ ಹೇಳೋಕಾಗಲ್ಲ. ಯಾಕೆ ಅಂತ ತಿಳಿಯೋಕೆ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ಸುಮಾರು 6.30ಕ್ಕೆ ಆದದ್ದು. ತೀವ್ರತೆ 9.1. ಸುಮಾತ್ರಾದಿಂದ ಅಂಡಮಾನ್‌ವರೆಗೆ ಸಮುದ್ರದ ತಳದಲ್ಲಿ ನಮ್ಮ ಭಾರತದ ಭೂಫಲಕ ಪಕ್ಕದ ಫಲಕದ ಅಡಿಗೆ ನುಗ್ಗುತ್ತಾ ಇದೆ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಆದರೆ ಅದು ಸಲೀಸಾಗಿ ಜಾರಲ್ಲ. ಎರಡೂ ಕಚ್ಚಿಕೊಂಡುಬಿಡ್ತವೆ. ಕೆಳಗಿನದು ಇಳೀತಾ ಇಳೀತಾ ಮೇಲಿನದರ ಅಂಚನ್ನೂ ನೂರಾರು ವರ್ಷ ಕೆಳಕ್ಕೆ ಎಳೆದು ಬಗ್ಗಿಸುತ್ತೆ. ಆವತ್ತು ಆ ಹಿಡಿತ ಸುಮಾರು 1,300 ಕಿಲೋಮೀಟರ್ ಉದ್ದಕ್ಕೂ ಬಿಟ್ಟುಹೋಯಿತು. ಚೆನ್ನೈನಿಂದ ಮುಂಬೈಗೆ ರಸ್ತೆಯಲ್ಲಿ ಹೋದಷ್ಟು ದೂರ. ಬಗ್ಗಿದ್ದ ಅಂಚು ಬಿಲ್ಲಿನ ಹಾಗೆ ಮೇಲಕ್ಕೆ ಚಿಮ್ಮಿ, ಸಮುದ್ರದ ತಳವೇ ಕೆಲವು ಮೀಟರ್ ಮೇಲೆದ್ದಿತು. ಅದರ ಮೇಲಿದ್ದ ಅಷ್ಟೂ ನೀರನ್ನು ಎತ್ತಿಬಿಟ್ಟಿತು. ಎದ್ದ ನೀರು ಎರಡೂ ಕಡೆ ಹರಡಿತಲ್ಲ, ಅದೇ ಸುನಾಮಿ.

ಎರಡನೆಯದು 2012ರ ಏಪ್ರಿಲ್ 11, ಮಧ್ಯಾಹ್ನ 2 ಗಂಟೆ ದಾಟಿತ್ತು. ಅದೂ ಸುಮಾತ್ರಾ ಹತ್ತಿರವೇ, ತೀವ್ರತೆ 8.6. ಆಗ ನಾನು ಚೆನ್ನೈಗೆ ಹೊಸಬ. ಮಾನಿಟರ್ ಅಲ್ಲಾಡಿತು, ಎಲ್ಲರೂ ಮೆಟ್ಟಿಲಿಳಿದು ರಸ್ತೆಗೆ ಬಂದ್ವಿ. ಬೆಂಗಳೂರಿನಲ್ಲೂ ಜನ ಆಫೀಸ್‌ಗಳಿಂದ ಹೊರಗೆ ಓಡಿದ್ದರು. ಸುನಾಮಿ ಎಚ್ಚರಿಕೆಯೂ ಬಂತು. ಆದರೆ ಸುಮಾತ್ರಾ ತೀರದಲ್ಲೇ ಎದ್ದ ಅಲೆ ಸುಮಾರು ಒಂದು ಮೀಟರ್, ಅಷ್ಟೇ. ಯಾಕಂದ್ರೆ ಅಲ್ಲಿ ಫಲಕ ಒಂದರ ಕೆಳಗೆ ಒಂದು ಜಾರಿರಲಿಲ್ಲ. ಬಂಡೆಗಳು ಅಕ್ಕಪಕ್ಕ ಉಜ್ಜಿಕೊಂಡು ಸರಿದಿದ್ದವು.

ಮನೆಯಲ್ಲೇ ಮಾಡಿ ನೋಡಬಹುದು. ಪ್ಲಾಸ್ಟಿಕ್ ಟಬ್‌ಗೆ ನೀರು ತುಂಬಿ, ತಳದಲ್ಲಿ ಅಂಗೈ ಚಪ್ಪಟೆಯಾಗಿಟ್ಟು ಪಕ್ಕಕ್ಕೆ ಸರಿಸಿ. ಮೇಲೆ ನೀರು ಅಷ್ಟೇನೂ ಕದಲಲ್ಲ. ಅದೇ ಅಂಗೈಯನ್ನು ಗಬಕ್ಕನೆ ಮೇಲಕ್ಕೆತ್ತಿ, ನೀರು ಅಂಚು ದಾಟುತ್ತೆ. ಸುನಾಮಿಗೆ ಬೇಕಾದ್ದು ಬರೀ ನಡುಕ ಅಲ್ಲ. ತಳ ಮೇಲೇಳಬೇಕು ಇಲ್ಲಾ ಕುಸೀಬೇಕು.

ಇನ್ನು ಅಲೆಯ ಓಟ. ಲೆಕ್ಕ ಸುಲಭ: ಆಳವನ್ನು ಗುರುತ್ವ ವೇಗವರ್ಧನೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ. 4,000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ವಿಮಾನದ ಸ್ಪೀಡ್. ಆದರೆ ಎತ್ತರ? 2004ರಲ್ಲಿ ಜೇಸನ್-1 ಉಪಗ್ರಹ ನಡುಸಮುದ್ರದಲ್ಲಿ ಅಳೆದದ್ದು ಸುಮಾರು 60 ಸೆಂಟಿಮೀಟರ್. ಹಡಗಿನಲ್ಲಿದ್ದವರಿಗೆ ಗೊತ್ತೂ ಆಗಲ್ಲ. ದಡದ ಹತ್ತಿರ ಆಳ 10 ಮೀಟರ್‌ಗೆ ಇಳಿದಾಗ ವೇಗ 36 ಕಿಲೋಮೀಟರ್‌ಗೆ ಬೀಳುತ್ತೆ. ಮುಂದಿನ ನೀರು ನಿಧಾನ ಆಯ್ತು, ಹಿಂದಿನದು ಇನ್ನೂ ಜೋರಾಗಿ ಬರ್ತಾ ಇದೆ. ಟ್ರಾಫಿಕ್ ಜಾಮ್ ಥರ ಒಂದರ ಮೇಲೊಂದು ಪೇರಿ ಎತ್ತರ ಆಗುತ್ತೆ.

ಆವತ್ತು ಅಲೆ ಚೆನ್ನೈಗೆ ಬರೋಕೆ ಸುಮಾರು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಮರೀನಾ ಬೀಚ್ ಪೂರ್ತಿ ಖಾಲಿ ಮಾಡಿಸಬಹುದಿತ್ತು. ಆದರೆ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಭಾರತದಲ್ಲೇ 10,000ಕ್ಕೂ ಹೆಚ್ಚು ಜನ ಹೋದರು.

"ಸಮುದ್ರ ಹಿಂದೆ ಸರಿದರೆ ಓಡಿ" ಅಂತ ನೀವೂ ಕೇಳಿರ್ತೀರಿ. ಸುಮಾತ್ರಾ ಪಕ್ಕದ ಸಿಮೆಲು ದ್ವೀಪದಲ್ಲಿ 1907ರ ಸುನಾಮಿ ಕಂಡ ಹಿರಿಯರು ಇದನ್ನೇ ಮಕ್ಕಳಿಗೆ ಹೇಳಿಕೊಡ್ತಾ ಬಂದಿದ್ದರು. 2004ರಲ್ಲಿ ಭೂಮಿ ನಡುಗಿದ ಕೂಡಲೇ ಜನ ಗುಡ್ಡ ಹತ್ತಿದರು. ಸುಮಾರು 78,000 ಜನರಲ್ಲಿ ತೀರಿಕೊಂಡವರು ಏಳೇ ಮಂದಿ. ಆದರೆ ನಮ್ಮ ಕಡೆಗೆ ಈ ಗುರುತೊಂದೇ ಸಾಲದು. ಚಿಮ್ಮಿದ ಅಂಚು ಇದ್ದದ್ದು ಪಶ್ಚಿಮಕ್ಕೆ, ಅದರ ಹಿಂಬದಿ ಕುಸಿದದ್ದು ಪೂರ್ವಕ್ಕೆ. ಹಾಗಾಗಿ ಥಾಯ್ಲೆಂಡ್‌ನಲ್ಲಿ ಮೊದಲು ನೀರು ಹಿಂದೆ ಸರಿಯಿತು. ಶ್ರೀಲಂಕಾ ಮತ್ತು ತಮಿಳುನಾಡಿನ ಕಡೆಗೆ ಮೊದಲು ಬಂದದ್ದೇ ಏರಿದ ನೀರು. ನಡುಕವೂ ಇಲ್ಲಿಗೆ ಜೋರಾಗಿ ತಟ್ಟಿರಲಿಲ್ಲ.

ಅದಕ್ಕೇ ಹೈದರಾಬಾದ್‌ನ ಇನ್‌ಕಾಯಿಸ್ ಹೆಸರು ನೆನಪಿಡಿ. 2007ರಿಂದ ಭಾರತದ ಸುನಾಮಿ ಎಚ್ಚರಿಕೆ ಕೇಂದ್ರ ಇರೋದು ಅಲ್ಲೇ. ಸಮುದ್ರದ ತಳದಲ್ಲಿಟ್ಟ ಒತ್ತಡಮಾಪಕಗಳಿಂದ ನಿಜವಾಗಲೂ ಅಲೆ ಎದ್ದಿದೆಯಾ ಅಂತ ಅವರು ನೋಡ್ತಾರೆ. ಮುಂದಿನ ಸಲ ಫಾರ್ವರ್ಡ್ ಬಂದಾಗ ರಿಕ್ಟರ್ ಕೇಳೋ ಬದಲು ಇನ್‌ಕಾಯಿಸ್ ಏನು ಹೇಳಿದೆ ಅಂತ ನೋಡಿ. ಜಾಗ ಬಿಡಿ ಅಂದರೆ ಲ್ಯಾಪ್‌ಟಾಪ್ ಹುಡುಕ್ತಾ ಕೂರಬೇಡಿ, ಹೊರಡಿ. ಮೊದಲ ಅಲೆ ಹೋಯ್ತು ಅಂತ ವಾಪಸ್ ಬರಬೇಡಿ, ಅದರ ಹಿಂದೆ ಗಂಟೆಗಟ್ಟಲೆ ಇನ್ನಷ್ಟು ಬರ್ತವೆ, ಅವು ಇನ್ನೂ ದೊಡ್ಡವಿರಬಹುದು. ಆಮೇಲೆ ಊರಿಗೆ ಫೋನ್ ಮಾಡಿ, "ಅಮ್ಮಾ, ಎತ್ತರದ ಜಾಗದಲ್ಲಿದ್ದೀನಿ" ಅನ್ನಿ.